ಬೆನ್ನ ಮೇಲಿನ ಏಳು ಕಲೆ

ನಾನು ಬರೆದ ಒಂದು ಹಾಳೆ ಕಾಗದದಿಂದ ಇಳಕಲ್ಲಿನ ಒಬ್ಬ ನೇಕಾರ ಮೂರು ವಾರಕ್ಕಿಂತ ಹೆಚ್ಚು ದಿನ ಸಬ್‌ಜೈಲಿನಲ್ಲಿ ಕೂತ. ಆ ಕಾಗದದಲ್ಲಿ ಇದ್ದದ್ದು ತಪ್ಪು ಎಂದು ಹೇಳಲು ಹುನಗುಂದದ ಕೋರ್ಟಿನಲ್ಲಿ ಕಟಕಟೆ ಹತ್ತಿದ ದಿನ, ಸಾಕ್ಷಿಗೆ ಕರೆಸಿದ್ದ ಸರ್ಕಾರಿ ವಕೀಲರೇ ನನ್ನ ಮೇಲೆ ತಿರುಗಿಬಿದ್ದರು. ಅವನ ಓಣಿಯ ಅರ್ಧ ಮಂದಿ ಮೊದಲು ನನ್ನನ್ನು ಬೈದಿದ್ದರು. ಉಳಿದ ಅರ್ಧ ಆಮೇಲೆ ಬೈದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಇಳಕಲ್ಲಿಗೆ ಹತ್ತಿರದ ಒಂದು ಸಣ್ಣ ಸರ್ಕಾರಿ ದವಾಖಾನೆಯಲ್ಲಿ ನಾನೊಬ್ಬಳೇ ಡಾಕ್ಟರು. ಹಾಸಿಗೆ ಆರು, ಒಬ್ಬ ನರ್ಸು, ಒಬ್ಬ ಕಂಪೌಂಡರ್. ಬರುವವರಲ್ಲಿ ನೇಕಾರರು, ಗ್ರಾನೈಟ್ ಖಣಿಯ ಕೂಲಿಗಳು ಹೆಚ್ಚು. ನೇಕಾರರಿಗೆ ಸೊಂಟ, ಕುತ್ತಿಗೆ. ಖಣಿಯವರಿಗೆ ಕೈಬೆರಳು, ಕಣ್ಣು, ಕೆಮ್ಮು. ಹೊಡೆದಾಟದ ಕೇಸುಗಳಿಗೆ ಗಾಯದ ಪ್ರಮಾಣಪತ್ರ ಬರೆಯುವುದೂ ನನ್ನದೇ ಕೆಲಸ. ಠಾಣೆಯ ಫೌಜದಾರರು ಯಾದಿ, ಅಂದರೆ ಗಾಯ ನೋಡಿಕೊಡಿ ಎಂಬ ಚೀಟಿ, ಕಳಿಸುತ್ತಿದ್ದರು, ನಾನು ನೋಡಿ ಬರೆದುಕೊಡುತ್ತಿದ್ದೆ.

ಚಳಿಗಾಲದ ಒಂದು ಬೆಳಿಗ್ಗೆ ಒಬ್ಬ ಗಂಡಸು ತನ್ನ ತಂಗಿಯನ್ನು ಟಾಂಗಾದಲ್ಲಿ ತಂದ. ಪೊಲೀಸ್ ಯಾದಿ ಆಗಲೇ ಅವನ ಕೈಯಲ್ಲಿತ್ತು. ತಂಗಿಗೆ ಇಪ್ಪತ್ತೈದರ ಆಸುಪಾಸು. ಗಂಡ ಮಗ್ಗದ ಮೇಲೆ ಸೀರೆ ನೇಯುವವನು, ಇವಳು ಅವನಿಗೆ ನೂಲಿನ ಕಂಡಿಕೆ ಸುತ್ತಿಕೊಡುವವಳು. ಮೈ ಕೆಂಡದಂತಿತ್ತು. ಉಸಿರು ಚೋಟುದ್ದ ಬಂದು ಅಲ್ಲೇ ಮುರಿಯುತ್ತಿತ್ತು. ಬಲ ಎದೆಯ ಕೆಳಭಾಗದಲ್ಲಿ ಬೆರಳಿಟ್ಟು ತಟ್ಟಿದರೆ ಮಂಕು ಸದ್ದು. ಸ್ಟೆತಸ್ಕೋಪ್ ಇಟ್ಟರೆ ಕೂದಲೆಳೆಗಳನ್ನು ಕಿವಿಯ ಹತ್ತಿರ ಉಜ್ಜಿದಂತೆ ಚಿಟಿಪಿಟಿ. ನ್ಯುಮೋನಿಯಾ. ಅದರಲ್ಲಿ ನಾನು ತಪ್ಪಲಿಲ್ಲ.

ಬೆನ್ನ ಮೇಲಿನ ಸೆರಗು ಸರಿಸಿದ ಮೇಲೆ ತಪ್ಪಿದೆ.

ಏಳು ಕಲೆ. ಬೆನ್ನೆಲುಬಿನ ಅತ್ತ ಮೂರು, ಇತ್ತ ಮೂರು, ಬಲ ಪಕ್ಕೆಯ ಮೇಲೆ ಒಂದು. ಎಲ್ಲವೂ ನೇರಳೆ ಹಣ್ಣಿನ ಬಣ್ಣ, ಎಲ್ಲವೂ ದುಂಡಗೆ.

“ಒನಕಿ ತುದಿಲೆ ಜಜ್ಜ್ಯಾನ್ರಿ ಡಾಕ್ಟರ್ ಬಾಯಾರ,” ಎಂದ ಅಣ್ಣ. “ಈಕಿ ಗಂಡ ಮೊದಲಿಂದನೂ ಕೈ ಎತ್ತಾಂವ. ಈ ಸಲ ಬಿಡಂಗಿಲ್ಲ ನಾ. ಇದ್ದದ್ದ ಇದ್ದಂಗ ಬರೀರಿ.”

ಬಾಗಿಲಲ್ಲಿ ಗದ್ದಲವಾಯಿತು. ಅವಳ ಅತ್ತೆ ಓಡಿ ಬಂದಿದ್ದಳು. ಕಂಪೌಂಡರ್ ಅಡ್ಡ ನಿಂತರೂ ಅವನ ತೋಳಿನ ಕೆಳಗಿಂದ ತಲೆ ತೂರಿಸಿ ಕೂಗಿದಳು: “ಯಾರೂ ಹೊಡದಿಲ್ರಿ! ಪಕ್ಕಿ ಬ್ಯಾನಿ ಅಂತ ನಾನ ಗ್ಲಾಸ್ ಹಚ್ಚೇನಿ. ನನ್ನ ಮಗ ಆಕಿನ್ನ ಮುಟ್ಟಿಲ್ಲ!”

ನಾನು ಬಾಗಲಕೋಟೆಯಲ್ಲಿ ಹುಟ್ಟಿ ಬೆಳೆದವಳು. ಗ್ಲಾಸು ಹಚ್ಚುವುದನ್ನು ಕಂಡಿರಲಿಲ್ಲ, ನೋವಿಗೆ ಕೊಂಬು ಹಚ್ಚುವುದನ್ನು ಸಣ್ಣವಳಿದ್ದಾಗ ನೋಡಿದ್ದೆ; ಎರಡೂ ಒಂದೇ ವಿದ್ಯೆ ಎಂದುಕೊಂಡೆ. ನಮ್ಮ ಓಣಿಗೆ ಬರುತ್ತಿದ್ದವನು ಮೊದಲು ಬ್ಲೇಡಿನಿಂದ ಗೀರುತ್ತಿದ್ದ, ಆಮೇಲೆ ಅದರ ಮೇಲೆ ಕೊಂಬು ಇಟ್ಟು ತುದಿಯ ತೂತಿನಿಂದ ಗಾಳಿ ಹೀರಿ ಮೇಣ ಮೆತ್ತುತ್ತಿದ್ದ. ಒಳಗೆ ರಕ್ತ ಹೆಪ್ಪುಗಟ್ಟುತ್ತಿತ್ತು. ಅದನ್ನು ತೋರಿಸಿ, ನೋಡ್ರಿ ಕೆಟ್ಟ ರಕ್ತ, ಎನ್ನುತ್ತಿದ್ದ. ಈ ಘಟನೆಗೆ ಒಂದು ವರ್ಷ ಮುಂಚೆ ಹಾಗೆ ಗೀರಿಸಿಕೊಂಡ ಒಬ್ಬ ಖಣಿ ಕೂಲಿ ಧನುರ್ವಾಯುವಿನಿಂದ ಬಿಲ್ಲಿನಂತೆ ಬಾಗಿ ನನ್ನೆದುರೇ ಸತ್ತಿದ್ದ. ಆ ವಿದ್ಯೆಯ ಮೇಲೆ ನನಗೆ ಹಗೆಯೇ ಇತ್ತು.

ಹಾಗಾಗಿ ಕಲೆಗಳ ಮೇಲೆ ಬ್ಯಾಟರಿ ಬಿಟ್ಟು ಗೀರು ಹುಡುಕಿದೆ. ಒಂದೂ ಇರಲಿಲ್ಲ. ಗೀರಿಲ್ಲದಿದ್ದರೆ ಕೊಂಬಲ್ಲ, ಕೊಂಬಲ್ಲದಿದ್ದರೆ ಹೊಡೆತ. ನನ್ನ ಲೆಕ್ಕ ಅಷ್ಟು ಸಲೀಸಾಗಿತ್ತು. ಮುದುಕಿಯನ್ನು ಹೊರಗೆ ಕಳಿಸಿ, ಅಣ್ಣನನ್ನೂ ಕಳಿಸಿ, ರೋಗಿಯನ್ನೇ ಕೇಳಿದೆ.

“ಅತ್ತಿ ಗ್ಲಾಸ್ ಹಚ್ಯಾಳ್ರಿ,” ಎಂದಳು, ಒಂದೊಂದು ಶಬ್ದಕ್ಕೂ ಉಸಿರು ಎಳೆಯುತ್ತ.

“ಅಂಜಬ್ಯಾಡ. ಇಲ್ಲೆ ಯಾರೂ ಇಲ್ಲ.”

“ಅತ್ತಿನ ರಿ.”

ಅಂಜಿಕೆಯಿಂದ ಸುಳ್ಳು ಹೇಳುತ್ತಿದ್ದಾಳೆ ಎಂದು ತೀರ್ಮಾನಿಸಿದೆ. ಒಬ್ಬ ಹೆಂಗಸಿನ ಪರ ನಿಂತಿದ್ದೇನೆ ಎಂಬ ಹೆಮ್ಮೆಯೂ ಒಳಗಿತ್ತೆಂದು ಈಗ ಒಪ್ಪುತ್ತೇನೆ. ‘ದುಂಡನೆಯ ತುದಿಯ ಮೊಂಡು ವಸ್ತುವಿನಿಂದ ಹೊಡೆದಾಗ ಆಗಬಹುದಾದ ಏಳು ಕಂದುಗಾಯಗಳು’ ಎಂದು ಬರೆದು ಸಹಿ ಹಾಕಿದೆ. ಮಧ್ಯಾಹ್ನದೊಳಗೆ ಪೊಲೀಸರು ಆ ಮನೆಯಿಂದ ಒನಕೆಯನ್ನೂ ನೇಕಾರನನ್ನೂ ತೆಗೆದುಕೊಂಡು ಹೋದರು. ಜಾಮೀನು ನಿಲ್ಲಲು ಓಣಿಯಲ್ಲಿ ಯಾರೂ ಮುಂದೆ ಬರಲಿಲ್ಲ.

ಪೆನಿಸಿಲಿನ್ ಚುಚ್ಚುತ್ತ ಹೋದೆ. ಮೂರನೇ ದಿನ ಜ್ವರ ಇಳಿಯಿತು, ಉಸಿರು ಉದ್ದವಾಯಿತು. ಅತ್ತೆ ದಿನಾ ಗಂಜಿ ತರುತ್ತಿದ್ದಳು. ಅಣ್ಣ ಅದನ್ನು ಬಾಗಿಲಲ್ಲೇ ಕಸಿದು ಚೆಲ್ಲುತ್ತಿದ್ದ. ಅವರಿಬ್ಬರ ಬೈಗುಳ ಕೇಳುತ್ತಲೇ ನಾನು ಹೊರರೋಗಿಗಳನ್ನು ನೋಡಬೇಕಿತ್ತು.

ನಾಲ್ಕನೇ ದಿನ ಬೆರಳು ಜಜ್ಜಿಸಿಕೊಂಡ ಖಣಿ ಕೂಲಿಯೊಬ್ಬ ಬಂದ. ಧನುರ್ವಾಯು ತಡೆಯುವ ಇಂಜೆಕ್ಷನ್ ಕೊಡಲು ಅಂಗಿ ಬಿಚ್ಚಿಸಿದೆ. ನರ್ಸು ಅವನ ಬೆನ್ನ ಕಡೆ ನಿಂತಿದ್ದಳು. “ಬಾಯಾರ, ಇಲ್ಲಿ ಬರ್ರಿ,” ಎಂದಳು. ಹೋಗಿ ನೋಡಿದೆ. ಎಂಟು ಕಲೆ, ಎರಡು ಸಾಲು. ಅದೇ ದುಂಡು, ಅದೇ ನೇರಳೆ. ಒಂದು ಗೀರೂ ಇಲ್ಲ.

“ಇದೇನು?”

“ಬೆನ್ನ ಹಿಡದಿತ್ರಿ, ಗ್ಲಾಸ್ ಹಚ್ಚಿಸಿದ್ನಿ.”

“ಬ್ಲೇಡು?”

“ಬ್ಲೇಡು ಕೊಂಬಿನವರಿಗೆ ರಿ. ಚಾದ ಗ್ಲಾಸಿಗೆ ಬ್ಲೇಡು ಯಾಕ? ನಾಣ್ಯಕ್ಕ ಬಟ್ಟಿ ಸುತ್ತಿ ಎಣ್ಣಿ ಅದ್ದಿ ಮೈಮ್ಯಾಲ ದೀಪ ಹಚ್ಚಿ ಗ್ಲಾಸ್ ಬೋರಲ ಹಾಕಿದ್ರ ಕಚ್ಚಿ ಹಿಡೀತೈತಿ.” ನನ್ನ ಮುಖ ನೋಡಿದ. “ನೀವು ಒಳಗ ಹಾಕ್ಸೀರಲ್ರಿ, ಆ ನೇಕಾರ? ಅವನ ಅವ್ವನ ಹಚ್ತಾಳ್ರಿ. ಎಲ್ಲಾರಿಗೂ ಗೊತ್ತೈತಿ.”

ಎಲ್ಲರಿಗೂ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಇಂಜೆಕ್ಷನ್ ಕೊಟ್ಟೆ, ಬೆರಳಿಗೆ ಹೊಲಿಗೆ ಹಾಕಿದೆ. ಅವನು ಹೋದ ಮೇಲೆ ಸೀದಾ ಹೆಂಗಸರ ವಾರ್ಡಿಗೆ ಹೋಗಿ ಅವಳ ಬೆನ್ನನ್ನು ಇನ್ನೊಮ್ಮೆ ನೋಡಿದೆ. ಮೊದಲ ದಿನ ಮಾಡಬೇಕಾದ ಕೆಲಸವನ್ನು ಈಗ ಮಾಡಿದೆ. ದಾರ ಹಿಡಿದು ಒಂದೊಂದು ಕಲೆಯ ಅಡ್ಡಗಲ ಅಳೆದೆ. ಏಳರದ್ದೂ ಒಂದೇ. ಅಂಚು ಗೆರೆ ಎಳೆದಂತೆ. ಬಾವು ಇಲ್ಲ, ತರಚು ಇಲ್ಲ. ಒತ್ತಿದರೆ ಒಳಗಿನ ಸ್ನಾಯು ನೋಯುತ್ತಿರಲಿಲ್ಲ. ಸಿಟ್ಟಿನಲ್ಲಿ ಹೊಡೆಯುವವನು ಏಳು ಏಟುಗಳನ್ನು ಒಂದೇ ತೂಕದಲ್ಲಿ, ಅದರಲ್ಲಿ ಆರನ್ನು ಒಂದೇ ಅಂತರದಲ್ಲಿ ಎರಡು ಸಾಲಾಗಿ ಹೊಡೆಯುವುದಿಲ್ಲ. ಇಷ್ಟು ತಿಳಿಯಲು ನನಗೆ ನಾಲ್ಕು ದಿನ ಬೇಕಾಯಿತು.

ಸಂಶಯ ಬಂದ ಮಾತ್ರಕ್ಕೆ ಬರೆದದ್ದನ್ನು ತಿದ್ದುವಂತಿಲ್ಲ. ಚಹಾದ ಗ್ಲಾಸು ಇಂಥ ಕಲೆ ಮಾಡಬಲ್ಲದೇ ಎಂದು ಕಣ್ಣಾರೆ ನೋಡಬೇಕಿತ್ತು. ಸಂಜೆ ಆ ಮನೆಗೆ ಹೋದೆ. ನೇಕಾರ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿ ಖಾಲಿ ಇತ್ತು, ಅರ್ಧ ನೇಯ್ದ ಸೀರೆಯ ಮೇಲೆ ಹಳೆಯ ಧೋತರ ಹೊದಿಸಿದ್ದರು. ಮುದುಕಿ ಒಳಗೆ ಕರೆಯಲಿಲ್ಲ.

“ಆಯಿ, ನೀವು ಗ್ಲಾಸ್ ಹೆಂಗ ಹಚ್ತೀರಿ ಅನ್ನೋದು ನೋಡಬೇಕು. ನನ್ನ ಮೈಮ್ಯಾಲ ಹಚ್ಚಿ ತೋರಿಸ್ರಿ.”

“ನಿನ್ನ ಮೈ ಮುಟ್ಟಂಗಿಲ್ಲ ನಾ,” ಎಂದಳು. “ಅವತ್ತ ಬಾಗಲದಾಗ ನಿಂತು ನಾಯಿಗತೆ ಒದರೇನಿ. ಕೇಳಿದೇನು? ನಿನ್ನ ಸಹಿ ನನ್ನ ಮಗನ್ನ ತಿಂತು. ಈಗ ಕಲಿಯಾಕ ಬಂದಿ?”

“ತಪ್ಪಾಗಿದ್ರ ತಿದ್ದಾಕ ಬಂದೇನಿ.”

“ಆಗಿದ್ರ ಅಂತೀ? ಇನ್ನೂ ಆಗಿದ್ರ ಅಂತೀ?”

ಒಳಗೆ ಹೋಗಿ ಒಂದು ದಪ್ಪ ತಳದ ಚಹಾದ ಗ್ಲಾಸು ತಂದು ಕಟ್ಟೆಯ ಮೇಲೆ ಕುಕ್ಕಿದಳು. “ತಗೊಂಡ ಹೋಗು. ಸುಟ್ಟುಕೊಂಡ್ರ ನನ್ನ ಹೆಸರ ಹೇಳಬ್ಯಾಡ.” ಬಾಗಿಲು ಹಾಕಿಕೊಂಡಳು. ಎದುರುಮನೆಯ ಕಟ್ಟೆಯ ಮೇಲಿದ್ದವರು ನಕ್ಕರು. ಗ್ಲಾಸನ್ನು ಚೀಲದಲ್ಲಿ ಹಾಕಿಕೊಂಡು ಬಂದೆ.

ಸುಟ್ಟುಕೊಂಡದ್ದು ನಿಜವೇ. ಖಣಿ ಕೂಲಿ ಹೇಳಿದಂತೆ ನಾಣ್ಯಕ್ಕೆ ಬಟ್ಟೆ ಸುತ್ತಿ, ಎಣ್ಣೆ ಅದ್ದಿ, ತೊಡೆಯ ಮೇಲಿಟ್ಟು ಹಚ್ಚಿದೆ. ಗ್ಲಾಸು ಬೋರಲು ಹಾಕುವಾಗ ಅದರ ಅಂಚು ತಾಗಿ ನಾಣ್ಯ ವಾಲಿತು. ತೊಡೆಯ ಮೇಲೆ ಹುಣಸೆ ಬೀಜದಷ್ಟು ಗುಳ್ಳೆ ಎದ್ದಿತು. ಎರಡನೇ ಸಲ ಗ್ಲಾಸು ಕೂತಿತು, ಆದರೆ ಅಂಚಿನಿಂದ ಗಾಳಿ ನುಗ್ಗಿ ಎರಡೇ ನಿಮಿಷಕ್ಕೆ ಬಿತ್ತು. ನರ್ಸು ನೋಡಿ ನೋಡಿ ತಾಳದೆ, “ಸರೀರಿ ಬಾಯಾರ,” ಎಂದು ಗ್ಲಾಸಿನ ಅಂಚಿಗೆ ವ್ಯಾಸಲೀನ್ ಸವರಿದಳು. ಮೂರನೇ ಸಲ ಅವಳೇ ಹಚ್ಚಿದಳು. ದೀಪ ಆರಿತು, ಗ್ಲಾಸು ಕಚ್ಚಿ ಹಿಡಿಯಿತು, ಒಳಗೆ ಚರ್ಮ ಬೋಂಡಾದಂತೆ ಉಬ್ಬಿತು.

ಗಡಿಯಾರ ಮುಂದಿಟ್ಟುಕೊಂಡು ಕೂತೆವು. ಮೂರು ನಿಮಿಷಕ್ಕೆ ತೆಗೆದರೆ ಗುಲಾಬಿ. ಅದರ ಮೇಲೆ ಗಾಜಿನ ಸ್ಲೈಡ್ ಒತ್ತಿದರೆ ಬಣ್ಣ ಮಾಯ, ಅಂದರೆ ರಕ್ತ ಇನ್ನೂ ನಾಳದ ಒಳಗೇ ಇದೆ. ಇನ್ನೊಂದು ಕಡೆ ಆರು ನಿಮಿಷ ಬಿಟ್ಟೆವು. ಕಡುಕೆಂಪು, ನಡುವೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು. ಮತ್ತೊಂದು ಕಡೆ ಹತ್ತು ನಿಮಿಷ. ನೇರಳೆ. ಈಗ ಸ್ಲೈಡ್ ಒತ್ತಿದರೂ ಬಣ್ಣ ಹೋಗಲಿಲ್ಲ. ಕೂದಲಿನಷ್ಟು ತೆಳು ರಕ್ತನಾಳಗಳು ಒಡೆದು ರಕ್ತ ಚರ್ಮದೊಳಕ್ಕೆ ಸೋರಿತ್ತು. ಅದು ವಾರ್ಡಿನಲ್ಲಿ ಮಲಗಿದವಳ ಬೆನ್ನಿನ ಕಲೆಯೇ. ದಾರ ಹಿಡಿದರೆ ಅಡ್ಡಗಲವೂ ಹೊಂದಿತು.

ಆ ವಾರವಿಡೀ ನನ್ನ ತೊಡೆಯ ಕಲೆಯನ್ನೂ ಅವಳ ಬೆನ್ನಿನ ಕಲೆಗಳನ್ನೂ ನೋಟುಬುಕ್ಕಿನಲ್ಲಿ ದಿನಾ ಬರೆದಿಟ್ಟೆ. ನೇರಳೆ ಕಂದಾಯಿತು, ಕಂದು ಹಸಿರಾಯಿತು, ಹಸಿರು ಹಳದಿಯಾಯಿತು. ಅದೇ ವಾರ ಏಣಿಯಿಂದ ಬಿದ್ದವನೊಬ್ಬ ಬಂದ, ಜಗಳದಲ್ಲಿ ಬಡಿಗೆಯ ಪೆಟ್ಟು ತಿಂದವನೊಬ್ಬ ಬಂದ. ಅವರ ಗಾಯಗಳನ್ನೂ ಪಕ್ಕದಲ್ಲಿ ಬರೆದೆ. ಅವು ಬಾತಿದ್ದವು, ಮುಟ್ಟಿದರೆ ನೋಯುತ್ತಿದ್ದವು, ಅಂಚು ಹರಡಿತ್ತು, ಬಣ್ಣ ಒಂದೊಂದು ಕಡೆ ಒಂದೊಂದು ಥರ.

ಹಳೆಯ ಶರೀರಶಾಸ್ತ್ರದ ಪುಸ್ತಕ ತೆಗೆದು ಕೂತೆ. ಗ್ಲಾಸಿನ ಸಂಗತಿ ಶಾಲೆಯ ವಿಜ್ಞಾನವೇ. ದೀಪದ ಕಾವಿಗೆ ಗಾಳಿ ಹಿಗ್ಗಿ ಸ್ವಲ್ಪ ಹೊರಗೆ ಹೋಗುತ್ತದೆ. ದೀಪ ಆರಿದಾಗ ಒಳಗುಳಿದ ಗಾಳಿ ತಣಿದು ಕುಗ್ಗುತ್ತದೆ. ಒಳಗೆ ಒತ್ತಡ ಕಡಿಮೆ, ಹೊರಗೆ ಹೆಚ್ಚು. ಚರ್ಮ, ಅದರ ಕೆಳಗಿನ ಪದರ ಎಲ್ಲ ಗ್ಲಾಸಿನೊಳಗೆ ಏಳುತ್ತವೆ. ಆ ಜಾಗಕ್ಕೆ ರಕ್ತ ನುಗ್ಗುತ್ತದೆ. ಕೆಟ್ಟ ರಕ್ತ, ಒಳ್ಳೆಯ ರಕ್ತ ಎಂಬುದೇನಿಲ್ಲ. ಅಲ್ಲಿ ಸೋರುವುದು ಮೈಯೆಲ್ಲ ಹರಿಯುವ ಅದೇ ರಕ್ತ.

ನೋವು ಯಾಕೆ ಇಳಿಯುತ್ತದೆ ಎಂಬುದು ಕಠಿಣ ಪ್ರಶ್ನೆ. ನನ್ನ ಎಡ ಭುಜ ಎರಡು ತಿಂಗಳಿಂದ ಬಿಗಿದಿತ್ತು. ನರ್ಸಿಗೆ ಹೇಳಿ ಅಲ್ಲೊಂದು ಗ್ಲಾಸು ಹಚ್ಚಿಸಿಕೊಂಡೆ. ಮರುದಿನ ಕುತ್ತಿಗೆ ಸಲೀಸಾಗಿ ತಿರುಗಿತು. ಖುಷಿಯಾಗಬೇಕಿತ್ತು, ಸಿಟ್ಟು ಬಂತು. ಧನುರ್ವಾಯುವಿನಿಂದ ಸತ್ತವನ ಮುಖ ಕಣ್ಣಮುಂದಿರುವಾಗ ನನ್ನ ಭುಜವೇ ಆ ವಿದ್ಯೆಯ ಪರ ಸಾಕ್ಷಿಯಾಗಿ ನಿಂತಿತ್ತು. ಆಗ ಹೊಸದಾಗಿ ಚರ್ಚೆಯಲ್ಲಿದ್ದ ಒಂದು ವಿಚಾರವಿತ್ತು: ನೋವಿನ ಸುದ್ದಿ ಮಿದುಳಿಗೆ ಹೋಗುವ ದಾರಿಯಲ್ಲಿ, ಬೆನ್ನುಹುರಿಯಲ್ಲಿ, ಒಂದು ಬಾಗಿಲಿನಂಥ ವ್ಯವಸ್ಥೆ ಇದೆ, ಚರ್ಮದಿಂದ ಬೇರೆ ಸ್ಪರ್ಶದ ಸುದ್ದಿ ಜೋರಾಗಿ ಬಂದರೆ ಆ ಬಾಗಿಲು ನೋವಿಗೆ ಅರ್ಧ ಮುಚ್ಚಿಕೊಳ್ಳುತ್ತದೆ. ತಲೆ ಕಂಬಕ್ಕೆ ಬಡಿದರೆ ತಕ್ಷಣ ಉಜ್ಜಿಕೊಳ್ಳುತ್ತೇವಲ್ಲ, ಹಾಗೆ. ಗ್ಲಾಸಿನ ಸೆಳೆತವೂ ಅದನ್ನೇ ಮಾಡುತ್ತಿರಬಹುದು. ಬಿಗಿದ ಸ್ನಾಯು ಕಾವಿಗೆ, ಎಳೆತಕ್ಕೆ ಸಡಿಲಾಗಿರಬಹುದು. ದೇಹವೇ ನೋವಿಗೆ ತನ್ನ ಮದ್ದನ್ನು ಒಸರಿಸುತ್ತದೆ ಎಂದೂ ಆಗ ಹೇಳತೊಡಗಿದ್ದರು. ಒಬ್ಬರು ಪಕ್ಕದಲ್ಲಿ ಕೂತು ಕಾಲುತಾಸು ನಮ್ಮ ಬೆನ್ನನ್ನೇ ನೋಡುತ್ತಾರೆ ಎಂಬುದೂ ಸಣ್ಣ ಸಂಗತಿಯಲ್ಲ. ಎಲ್ಲವೂ ‘ಇರಬಹುದು’. ಒಂದೇ ಖಚಿತ: ನ್ಯುಮೋನಿಯಾದ ಕ್ರಿಮಿಗೆ ಗ್ಲಾಸಿನ ಪರಿವೆಯೇ ಇಲ್ಲ. ಪಕ್ಕೆ ನೋವು ಇಳಿದದ್ದರಿಂದಲೇ ಆ ಮನೆಯವರು ಮೂರು ದಿನ ದವಾಖಾನೆಗೆ ಬರಲಿಲ್ಲ. ನೋವು ಮಂಕಾಯಿತು, ಜಡ್ಡು ಬೆಳೆಯಿತು.

ತಿದ್ದುಪಡಿ ಅಭಿಪ್ರಾಯ ಬರೆಯುವ ಮೊದಲು ಬಾಗಲಕೋಟೆಗೆ ಬಸ್ಸು ಹಿಡಿದು ಹೋಗಿ ಮೇಲಿನ ವೈದ್ಯಾಧಿಕಾರಿಯನ್ನು ಕಂಡೆ. ನೋಟುಬುಕ್ಕನ್ನು ಪೂರ್ತಿ ಓದಿದರು. ತೊಡೆಯ ಸುಟ್ಟಗುಳ್ಳೆಯ ವಿವರಕ್ಕೆ ಬಂದಾಗ ಕನ್ನಡಕ ತೆಗೆದರು.

“ನೀವು ಎಂಬಿಬಿಎಸ್ ಓದಿದ್ದು ಇದಕ್ಕೇನ್ರಿ? ಈ ಕಾಗದ ಕೋರ್ಟಿಗೆ ಹೋದ್ರ ಏನಾಗ್ತದ ಗೊತ್ತದೇನು? ನಾಳೆ ಪ್ರತಿಯೊಬ್ಬ ವಕೀಲ, ಡಾಕ್ಟರ್ ಹಿಂದಿನ ಸಲ ತಪ್ಪಿದ್ರು, ಈ ಸಲನೂ ತಪ್ಪಿರಬಹುದು ಅಂತಾನ. ನಿಮ್ಮ ಹಳೇ ಸರ್ಟಿಫಿಕೇಟ್ ಎಲ್ಲಾ ಎಳೀತಾರ.”

“ತಪ್ಪು ಖರೆ ಐತ್ರಿ ಸರ್.”

“ಖರೆ ಇರಲಿ. ಬರದದ್ದು ಬರದಾತು. ಆರೋಪಿಗೆ ವಕೀಲ ಅದಾನ, ಅವ ನೋಡ್ಕೋತಾನ. ಆಕಿ ಗಂಡ ಏನು ದೇವರೇನು? ಎಂದಾರ ಒಮ್ಮೆ ಹೊಡದ ಇರ್ತಾನ.”

ಆ ಕೊನೆಯ ಮಾತು ಬಸ್ಸಿನಲ್ಲಿ ಬರುವಾಗ ತಲೆ ತಿಂದಿತು. ಅದೇ ನಿಜವಾಗಿದ್ದರೆ? ಆದರೆ ನನ್ನ ಕಾಗದ ಅವನ ಗುಣಕ್ಕೆ ಕೊಟ್ಟದ್ದಲ್ಲ, ಏಳು ಕಲೆಗಳಿಗೆ ಕೊಟ್ಟದ್ದು. ಆ ಏಳನ್ನು ಅವನು ಮಾಡಿರಲಿಲ್ಲ. ಬಸ್ಸು ಅಮೀನಗಡ ದಾಟುವಷ್ಟರಲ್ಲಿ ಮನಸ್ಸು ಗಟ್ಟಿಯಾಗಿತ್ತು. ಮರುದಿನ ಎರಡು ಪುಟ ಬರೆದೆ. ನನ್ನ ಮೊದಲ ಅಭಿಪ್ರಾಯ ಯಾಕೆ ತಪ್ಪು, ಕಲೆಗಳು ಯಾವುದರಿಂದ ಆಗಿವೆ, ಅದನ್ನು ಹೇಗೆ ಪರೀಕ್ಷಿಸಿದೆ, ಎಲ್ಲ. ನಾನೇ ಪೊಲೀಸ್ ಠಾಣೆಗೆ ಹೋಗಿ ಫೌಜದಾರರ ಕೈಗೆ ಕೊಟ್ಟೆ.

ಅವರು ಮೊದಲ ಪುಟ ಓದಿ ನಗಲಾರಂಭಿಸಿದರು. “ಚಾದ ಗ್ಲಾಸ್! ಬಾಯಾರ, ಒನಕಿ ಜಪ್ತಿ ಮಾಡೇನಿ, ಪಂಚನಾಮಿ ಆಗೇತಿ, ಈಗ ಗ್ಲಾಸ್ ಜಪ್ತಿ ಮಾಡ್ಲೇನು?” ಡ್ರಾವರಿನಲ್ಲಿ ಹಾಕಿ ಕೀಲಿ ತಿರುಗಿಸಿದರು. ಮುಟ್ಟಿದ್ದಕ್ಕೆ ಸಹಿ ಕೇಳಿದೆ. ಕೊಡಲಿಲ್ಲ. ಕೋರ್ಟಿಗೆ ಹೋದ ಕಾಗದಗಳಲ್ಲಿ ನನ್ನ ಎರಡು ಪುಟ ಇರಲಿಲ್ಲ. ನೇಕಾರನಿಗೆ ಕೊನೆಗೆ ಅವನ ಸೋದರಮಾವ ಬಂದು ಜಾಮೀನು ನಿಂತ.

ವಿಚಾರಣೆ ಬಂದದ್ದು ಕೆಲವು ತಿಂಗಳ ನಂತರ, ಬಿಸಿಲು ಸುರಿಯುತ್ತಿದ್ದಾಗ. ಅಣ್ಣನ ಸಾಕ್ಷಿ ನನಗಿಂತ ಮೊದಲು ಮುಗಿದಿತ್ತು. ತಂಗಿಯ ಸಾಕ್ಷಿಯೂ ಆಗಿತ್ತು. ಅವಳು ದವಾಖಾನೆಯಲ್ಲಿ ಹೇಳಿದ್ದನ್ನೇ ಹೇಳಿದ್ದಳು. ಗಂಡನ ಅಂಜಿಕೆಯಿಂದ ಹೇಳುತ್ತಾಳೆ ಎಂದು ಸರ್ಕಾರಿ ವಕೀಲರು ಅದನ್ನು ತಳ್ಳಿಹಾಕಿದ್ದರು. ಅವರ ಕೇಸು ಈಗ ನಿಂತಿದ್ದು ನನ್ನ ಮೇಲೆ.

“ಈ ಪ್ರಮಾಣಪತ್ರದ ಮ್ಯಾಲಿನ ಸಹಿ ನಿಮ್ಮದೇನ್ರಿ?”

“ನನ್ನದು.”

“ಇದರಾಗ ಬರದ ಅಭಿಪ್ರಾಯ ಸರಿ ಅದನೋ ಇಲ್ಲೋ?”

“ಸರಿ ಇಲ್ಲ.”

ಅವರ ಪೆನ್ನು ನಿಂತಿತು. ನ್ಯಾಯಾಧೀಶರ ಕಡೆ ತಿರುಗಿದರು. ಈ ಸಾಕ್ಷಿ ಪ್ರತಿಕೂಲವಾಗಿದ್ದಾರೆ, ಪಾಟೀಸವಾಲು ಮಾಡಲು ಅಪ್ಪಣೆ ಬೇಕು ಎಂದರು. ಅಪ್ಪಣೆ ಸಿಕ್ಕಿತು. ಆಮೇಲೆ ಕಳ್ಳಿಯನ್ನು ಕೇಳುವಂತೆ ಕೇಳಿದರು.

“ಆರೋಪಿ ಮನಿಗೆ ಹೋಗಿದ್ರೇನು?”

“ಹೋಗಿದ್ದೆ.”

“ಅವನ ತಾಯಿ ಕಡಿಂದ ವಸ್ತು ತಗೊಂಡ್ರೇನು?”

“ಒಂದು ಚಹಾದ ಗ್ಲಾಸು ತಗೊಂಡೆ.”

ಕೋರ್ಟು ನಕ್ಕಿತು. ಅವರು ನಗು ಮುಗಿಯುವ ತನಕ ಕಾದರು.

“ಮತ್ತ ಈ ಹಳ್ಳಿ ಔಷಧದ ಮ್ಯಾಲ ನಿಮಗ ಭಾಳ ನಂಬಿಕಿ ಅನ್ರಿ?”

“ನಂಬಿಕಿ ಇಲ್ಲ. ಸಿಟ್ಟದ. ಅದರ ಗಾಯದಿಂದ ಸತ್ತವನ್ನ ನೋಡೇನಿ. ಆ ಸಿಟ್ಟಿನಾಗ ಈ ಹೆಣ್ಣಮಗಳ ಮಾತು ಕೇಳದ ಬರದೆ. ಅದ ನನ್ನ ತಪ್ಪು.”

“ತಿದ್ದುಪಡಿ ಕೊಟ್ಟೆ ಅಂತೀರಿ. ಎಲ್ಲಿ ಅದ?”

“ಫೌಜದಾರರ ಡ್ರಾವರಿನಾಗ.”

ಈ ಸಲ ಯಾರೂ ನಗಲಿಲ್ಲ. ನನ್ನ ಹತ್ತಿರವಿದ್ದ ಕಾರ್ಬನ್ ಪ್ರತಿಯನ್ನೂ ನೋಟುಬುಕ್ಕನ್ನೂ ಕೊಟ್ಟೆ. ನ್ಯಾಯಾಧೀಶರು ಓದಿದರು. ನಂತರ ಅವರೇ ಕೇಳಿದರು: “ಹೊಡೆತ ಇಲ್ಲದೆ ಬರೀ ಗ್ಲಾಸು ಇಷ್ಟು ಕಪ್ಪು ಕಲೆ ಹೇಗೆ ಮಾಡುತ್ತದೆ? ನನಗೆ ತಿಳಿಯುವ ಹಾಗೆ ಹೇಳಿ.”

ದೀಪ, ಗಾಳಿ, ಒತ್ತಡ, ಸೋರುವ ರಕ್ತನಾಳ ಎಲ್ಲ ಹೇಳಿದೆ. ಹೊಡೆದರೆ ಶಕ್ತಿ ಹೊರಗಿನಿಂದ ಒಳಗೆ ಹೋಗಿ ಆಳದ ಸ್ನಾಯುವನ್ನೂ ಜಜ್ಜುತ್ತದೆ. ಇಲ್ಲಿ ಚರ್ಮ ಮೇಲಕ್ಕೆ ಸೆಳೆಯಲ್ಪಟ್ಟು ಮೇಲಿನ ಸಣ್ಣ ನಾಳಗಳಷ್ಟೇ ಒಡೆಯುತ್ತವೆ, ಅದಕ್ಕೇ ಬಾವಿಲ್ಲ ಎಂದೆ. ಬೇಕಾದರೆ ಇಲ್ಲೇ ನನ್ನ ತೋಳಿನ ಮೇಲೆ ಮಾಡಿ ತೋರಿಸುತ್ತೇನೆ ಎಂದೆ.

“ಬೇಡ. ಇದು ಕೋರ್ಟು, ದವಾಖಾನೆಯಲ್ಲ,” ಎಂದರು. “ಇದರಿಂದ ರೋಗ ವಾಸಿಯಾಗುತ್ತದೆಯೇ?”

“ಬಿಗಿದ ಬೆನ್ನಿನ ನೋವು ಸ್ವಲ್ಪ ಇಳೀಬಹುದು. ಈ ಹೆಣ್ಣಮಗಳಿಗೆ ಇದ್ದದ್ದು ನ್ಯುಮೋನಿಯಾ. ಅದಕ್ಕ ಗ್ಲಾಸಿನಿಂದ ಏನೂ ಆಗಂಗಿಲ್ಲ. ತಡಾ ಆಗಿದ್ದಕ್ಕ ಜೀವ ಹೋಗೋ ಹಂತಕ್ಕ ಬಂದಿದ್ಲು.”

ನೇಕಾರನನ್ನು ಬಿಟ್ಟರು. ಹೊರಗೆ ಬೇವಿನ ಗಿಡದ ಕೆಳಗೆ ಅಣ್ಣ ಕಾಯುತ್ತಿದ್ದ. ನನ್ನ ಮುಂದೆ ನೆಲಕ್ಕೆ ಉಗುಳಿದ. “ಆಕಿ ನಾಳಿ ಸತ್ರ ನಿಮ್ಮ ದವಾಖಾನಿಗೇ ತರ್ತೇನಿ. ಆಗೂ ಗ್ಲಾಸ್ ಅಂತ ಬರೀರಿ,” ಎಂದ. ಅವನ ಸಿಟ್ಟಿನ ಹಿಂದೆ ಏನೋ ಕಂಡದ್ದು, ಕೇಳಿದ್ದು ಇತ್ತು ಎಂದು ಮೊದಲ ಸಲ ಅನ್ನಿಸಿತು.

ಮುದುಕಿ ನನ್ನ ಕಡೆ ನೋಡದೆ ಮಗನನ್ನು ಕರೆದುಕೊಂಡು ಹೋದಳು. ಆದರೆ ಮುಂದಿನ ವಾರದಿಂದ ಊರೆಲ್ಲ ಒಂದೇ ಸುದ್ದಿ. ಡಾಕ್ಟರ್ ಬಾಯಿ ಕೋರ್ಟಿನಲ್ಲಿ ಎದ್ದು ನಿಂತು ಮುದುಕಿಯ ಗ್ಲಾಸು ಖರೆ ಅಂತ ಹೇಳ್ಯಾಳ! ಅವಳ ಕಟ್ಟೆಯ ಮುಂದೆ ಮಂದಿ ಹೆಚ್ಚಿದರು. ಎದೆನೋವಿನವರು, ಹೊಟ್ಟೆನೋವಿನವರು, ಎಲ್ಲರೂ ಅಲ್ಲಿಗೆ ಹೋಗಿ ತಡವಾಗಿ ನನ್ನ ಹತ್ತಿರ ಬರತೊಡಗಿದರು. ಒಂದು ದಿನ ಸಹಿಸಲಾರದೆ ಸೀದಾ ಅವಳ ಮನೆಯ ಮುಂದೆ ನಿಂತೆ.

“ಆಯಿ, ಬೆನ್ನ ಹಿಡದವರಿಗೆ ಏನಾರ ಮಾಡ್ಕೋರಿ. ಜ್ವರ ಇದ್ದವರ್ನ, ಎದಿ ಬ್ಯಾನಿ ಅಂದವರ್ನ ಮುಟ್ಟಬ್ಯಾಡ್ರಿ. ಸೊಸಿ ಸಾಯ್ತಿದ್ಲು.”

“ಸತ್ಲೇನು?” ಎಂದಳು. “ನಿನ್ನ ಸೂಜಿಲೆ ಉಳದ್ಲು ಅಂತೀ. ನನ್ನ ಮಗ ಯಾವುದರಲೆ ಒಳಗ ಹೋದ? ನಿನ್ನ ಪೆನ್ನಿಲೆ. ನನಗ ಬುದ್ಧಿ ಹೇಳಬ್ಯಾಡ.”

ಆದರೂ ಜ್ವರದವರನ್ನು ಅವಳು ಹಿಂದಕ್ಕೆ ಕಳಿಸುತ್ತಾಳೆಂದು ಆಮೇಲೆ ನರ್ಸಿನಿಂದ ಕೇಳಿದೆ. ನನ್ನ ಮುಂದೆ ಎಂದೂ ಒಪ್ಪಿಕೊಳ್ಳಲಿಲ್ಲ. ನನಗೂ ಅವಳಿಗೂ ಕೊನೆಯವರೆಗೂ ಮಾತು ನೆಟ್ಟಗಾಗಲಿಲ್ಲ.

ಕೋರ್ಟು ಮುಗಿದು ಎರಡು ತಿಂಗಳಿಗೆ ಸೊಸೆ ದವಾಖಾನೆಗೆ ಬಂದಳು. ಸಾಲಿನಲ್ಲಿ ನಿಲ್ಲದೆ ಗೋಡೆಗೆ ಒರಗಿ ಕೂತಿದ್ದಳು. ಎಲ್ಲ ರೋಗಿಗಳೂ ಹೋದ ಮೇಲೆ ಒಳಗೆ ಬಂದು ಎಡಗೈಯ ಮೇಲಿನ ಸೆರಗು ತೆಗೆದಳು. ಮುಂಗೈ ಬಾತಿತ್ತು. ಅದರ ಮೇಲೆ ಒಂದಕ್ಕೊಂದು ಸರಿಸಮನಾಗಿ ಓಡುವ ಎರಡು ಕೆಂಪು ಗೆರೆ, ನಡುವೆ ಬಿಳಿಚಿದ ಚರ್ಮ. ಬಡಿಗೆಯ ಗುರುತು. ಯಾವ ಪುಸ್ತಕವನ್ನೂ ತೆಗೆಯಬೇಕಿರಲಿಲ್ಲ.

“ಇದು ಗ್ಲಾಸ್ ಅಲ್ರಿ ಬಾಯಾರ,” ಎಂದಳು.

ಬಾತ ಕೈಯನ್ನು ಮೇಜಿನ ಮೇಲೆ ಇಡಿಸಿದೆ. “ಮೊದಲೂ ಹೊಡದಾನೇನು?”

“ಹೊಡದಾನ್ರಿ.”

“ಮತ್ತ ಅವತ್ತ ಯಾಕ ಹೇಳಲಿಲ್ಲ?”

“ನೀವು ಕೇಳಿದ್ದು ಬೆನ್ನಿನ ಕಲಿ ಅಷ್ಟ ರಿ. ಅವು ಅತ್ತಿ ಹಚ್ಚಿದ್ದು. ಇಲ್ಲದ್ದು ಹೆಂಗ ಹೇಳ್ಲಿ? ಕೋರ್ಟಿನ್ಯಾಗೂ ಅದನ್ನ ಕೇಳಿದ್ರು. ಮತ್ತ ಯಾವಾಗರ ಹೊಡದಾನೇನು ಅಂತ ಯಾರೂ ಕೇಳಲಿಲ್ಲ.”

ಕೈಗೆ ಪಟ್ಟಿ ಕಟ್ಟಿದೆ. ಮುರಿದಿರಲಿಲ್ಲ. ಈ ಸಲ ಅಳೆದು ಬರೆದೆ. ಉದ್ದ, ಅಗಲ, ಬಣ್ಣ, ಬಾವು, ನೋವು ಒಂದೂ ಬಿಡದಂತೆ, ಅವಳು ಹೇಳಿದ ಕಾರಣವನ್ನು ಅವಳ ಮಾತಿನಲ್ಲೇ. ಅದರ ಇನ್ನೊಂದು ಪ್ರತಿಯನ್ನು ದವಾಖಾನೆಯ ರಿಜಿಸ್ಟರಿಗೆ ಅಂಟಿಸಿದೆ.

“ಫೌಜದಾರರಿಗೆ ಕಳಸ್ತೇನಿ,” ಎಂದೆ.

“ಬ್ಯಾಡ್ರಿ. ಅಣ್ಣಗೂ ಹೇಳಬ್ಯಾಡ್ರಿ, ಅವ ಕಡದಾಡಕ ಹೋಗ್ತಾನ. ಕಾಗದ ನನ್ನ ಹತ್ರ ಇರ್ಲಿ.”

“ಇಟ್ಕೊಂಡು ಏನ್ ಮಾಡ್ತಿ?”

“ಅವನೂ ಅವತ್ತ ಕೋರ್ಟಿನ್ಯಾಗ ಕುಂತು ಕೇಳ್ಯಾನಲ್ರಿ. ಈ ಬಾಯಿ ತನ್ನ ಸಹಿನ ತಪ್ಪು ಅಂದ್ಲು, ಯಾರ ಮಾರಿನೂ ನೋಡ್ಲಿಲ್ಲ ಅಂತ ಮನ್ಯಾಗ ಅವನ ಹೇಳತಿದ್ದ. ಈ ಕಾಗದ ನನ್ನ ಹತ್ರ ಐತಿ ಅಂದ್ರ ಅಂಜತಾನ.”

ಅವಳ ಲೆಕ್ಕ ಸರಿಯೋ ತಪ್ಪೋ ನನಗೆ ತಿಳಿಯಲಿಲ್ಲ. ಒತ್ತಾಯಿಸಬಹುದಿತ್ತು. ಅವಳ ಮಾತನ್ನು ಮೀರಿ ಒಮ್ಮೆ ಬರೆದಿದ್ದೆ. ಎರಡನೇ ಸಲ ಅದಕ್ಕೆ ಮನಸ್ಸಾಗಲಿಲ್ಲ. ನಾನು ಅಲ್ಲಿಂದ ವರ್ಗವಾಗುವ ತನಕ ಅವಳು ಮತ್ತೆ ಗಾಯ ತೋರಿಸಲು ಬರಲಿಲ್ಲ. ಹೊಡೆತ ನಿಂತಿತೋ, ಬರುವುದಷ್ಟೇ ನಿಂತಿತೋ ಹೇಳಲಾರೆ.

ಆ ದಿನ ಅವಳು ಕಾಗದ ಕೈಗೆ ತೆಗೆದುಕೊಂಡರೂ ಏಳಲಿಲ್ಲ. ಅದನ್ನು ತಿರುಗಿಸಿ ನನ್ನ ಮುಂದೆಯೇ ಹಿಡಿದಳು.

“ನನಗ ಓದಾಕ ಬರಂಗಿಲ್ರಿ. ಏನ್ ಬರದೀರಿ ಓದಿ ಹೇಳ್ರಿ. ಅವಗ ಬಾಯಿಲೆ ಹೇಳಬೇಕು.”

ಓದಿದೆ. ಇನ್ನೊಮ್ಮೆ ಎಂದಳು. ಓದಿದೆ. ಮೂರನೇ ಸಲ ಓದುವಾಗ ನನ್ನ ದನಿಯ ಜೊತೆಗೆ ಅವಳ ತುಟಿಗಳೂ ಅಲುಗುತ್ತಿದ್ದವು. ಎಡಗೈ, ಮುಂಗೈ, ಎರಡು ಗೆರೆ, ಮೂರು ಇಂಚು. ಗಂಡ ಬಡಿಗೆಯಿಂದ ಹೊಡೆದ ಎಂಬ ಕೊನೆಯ ಸಾಲನ್ನು ನನ್ನ ಸಹಾಯವಿಲ್ಲದೆ ಅವಳೇ ಹೇಳಿ ಮುಗಿಸಿ, ಕಾಗದ ಮಡಚಿಕೊಂಡು ಎದ್ದಳು.